ಮ್ಯಾಚ್ ನೋಡ್ಲಿಕ್ಕೂ ಲೆಕ್ಕ ಹಾಕ್ಬೇಕಾದ ಕಾಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ವಾಚನಾಲಯದಲ್ಲಿ ಆಡಿದ ಮಾತು ಇದು. ರೆಕಾರ್ಡ್ ಮಾಡಿದ್ದನ್ನು ಕೇಳಿಕೊಂಡು ಬರ್ದದ್ದು, ಹಾಗಾಗಿ ಮಾತಾಡಿದ ಹಾಗೆಯೇ ಉಂಟು. ಕೊನೆಗೆ ಜನ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಸುಮಾರು ಜನರ ಮನೆಗೆ ನಾನು ಕೇಬಲ್ ವಯರ್ ಎಳ್ದಿದ್ದೇನೆ, ತಿಂಗಳ ಕಲೆಕ್ಷನಿಗೆ ಬಂದು ನಿಮ್ಮ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡ್ದಿದ್ದೇನೆ. ಹಾಗಾಗಿ ಯಾವ ಮನೆಯಲ್ಲಿ ಯಾವ ಪ್ಯಾಕ್ ಉಂಟು, ಯಾವ ತಿಂಗಳು ಯಾರು ಯಾವ ಚಾನಲ್ ತೆಗೆಸಿದ್ರು ಅಂತ ನನಗೆ ಗೊತ್ತಿರ್ತದೆ. ಮನೆಯ ಕಷ್ಟ ಸುಖ ಆ ಕಲೆಕ್ಷನ್ ಕಾರ್ಡಿನಲ್ಲಿ ಕಾಣ್ತದೆ ಮಾರಾಯ್ರೆ. ಮಗಳ ಮದುವೆ ಆದ ವರ್ಷ, ಅಡಿಕೆಗೆ ಕೊಳೆರೋಗ ಬಂದ ವರ್ಷ, ಗಲ್ಫಿನಿಂದ ಮಗ ವಾಪಸ್ ಬಂದ ವರ್ಷ, ಮೊದಲು ಹೋಗುದು ಸ್ಪೋರ್ಟ್ಸ್ ಚಾನಲ್. ಧಾರಾವಾಹಿ ಹೋಗುದಿಲ್ಲ, ನ್ಯೂಸ್ ಹೋಗುದಿಲ್ಲ.

ನಾನು ಇವತ್ತು ಹೇಳ್ಲಿಕ್ಕೆ ಬಂದದ್ದು ಒಂದೇ ವಿಷಯ. ದುಡ್ಡಿಲ್ಲದವರಿಗೂ ದೇಶದ ಮ್ಯಾಚ್ ಕಾಣ್ಬೇಕು ಅಂತ ನಮ್ಮಲ್ಲಿ ಒಂದು ಕಾನೂನು ಉಂಟು, 2007ರದ್ದು. ಆದ್ರೆ ಆ ಕಾನೂನು ಮನೆಯ ಮಾಡಿನ ಮೇಲಿನ ಸರಕಾರಿ ಡಿಶ್ಶಿನ ತನಕ ಬಂದು ಅಲ್ಲೇ ನಿಂತಿದೆ, ಜನ ಈಗ ಮ್ಯಾಚ್ ನೋಡುವ ಕೇಬಲಿಗೂ ಬರ್ಲಿಲ್ಲ ಫೋನಿಗೂ ಬರ್ಲಿಲ್ಲ. ಬರ್ಬೇಕು. ಬರುವ ತನಕ ನಾವು ಊರಲ್ಲಿ ಎಂತ ಮಾಡ್ಬಹುದು ಅಂತಲೂ ಹೇಳ್ತೇನೆ.

ಮೊದಲು ಒಂದು ಮನೆಯ ಮಾತು. ಬೀಡಿ ಕಟ್ಟುವ ಒಬ್ರು ಅಕ್ಕ, ಜಗಲಿಯಲ್ಲಿ ಮೊರ ಮಡಿಲಲ್ಲಿ ಇಟ್ಕೊಂಡು ಎಲೆ ಕತ್ತರಿಸ್ತಾ ಇದ್ರು. ನಾನು ಕಲೆಕ್ಷನಿಗೆ ಹೋದದ್ದು. ತಲೆ ಎತ್ತದೆ ಹೇಳಿದ್ರು, "ಅಣ್ಣಾ, ಈ ತಿಂಗಳಿಂದ ಕ್ರಿಕೆಟಿನ ಚಾನಲ್ ತೆಗ್ದು ಬಿಡಿ, ಕನ್ನಡದ್ದು ಒಂದೆರಡು, ಮಲಯಾಳದ ನ್ಯೂಸ್ ಇದ್ರೆ ಸಾಕು." "ಪುಳ್ಳಿಗೆ ಬೇಕಲ್ವಾ ಅಕ್ಕಾ" ಅಂದೆ. "ಅವ ಆಚೆ ಮನೆಗೆ ಹೋಗಿ ನೋಡ್ತಾನೆ" ಅಂದ್ರು. ಹುಡುಗ ಬಾಗಿಲ ಹತ್ರ ನಿಂತಿದ್ದ, ಆರನೇ ಕ್ಲಾಸೋ ಏಳನೇ ಕ್ಲಾಸೋ. ಅವ ಹೇಳಿದ, "ಆಚೆ ಮನೆಯವ್ರು ಟಿವಿಯಲ್ಲಿ ನೋಡುದಿಲ್ಲ ಅಜ್ಜಿ, ಮಾಮ ಫೋನಿನಲ್ಲಿ ನೋಡುದು, ಅದೂ ರೂಮಿನಲ್ಲಿ."

ಆ ಹುಡುಗ ಹೇಳಿದ್ರಲ್ಲಿ ಎಲ್ಲ ಬಂತು. ನಾವು ಸಣ್ಣದಿರುವಾಗ ಟಿವಿ ಇಲ್ಲದ್ದು ದೊಡ್ಡ ಕಷ್ಟ ಅಲ್ಲ, ಯಾರ ಮನೆಯಲ್ಲಿ ಉಂಟೋ ಅಲ್ಲಿಗೆ ಹೋಗಿ ಅಂಗಳದಲ್ಲಿ, ಕಿಟಕಿ ಹತ್ರ, ಎಲ್ಲಿ ಜಾಗ ಸಿಕ್ತದೋ ಅಲ್ಲಿ ನಿಲ್ಲುದು, 1983ರ ವರ್ಲ್ಡ್ ಕಪ್ ಫೈನಲ್ ದೂರದರ್ಶನದಲ್ಲಿ ಬಂದಾಗಲೂ ಟಿವಿ ಇದ್ದ ಮನೆ ಎಷ್ಟು ಇತ್ತು, ಬೆರಳೆಣಿಕೆಯಷ್ಟು, ಆದ್ರೂ ನೋಡಿದವ್ರು ನೋಡಿದ್ರು. ಈಗ ಮ್ಯಾಚ್ ಜೇಬಿನೊಳಗೆ ಹೋಗಿದೆ. ಇನ್ನೊಬ್ಬನ ಜೇಬಿಗೆ ಇಣುಕ್ಲಿಕ್ಕೆ ಆಗ್ತದಾ? ರೇಟು ಜಾಸ್ತಿ ಆದದ್ದು ಒಂದು ಕಡೆ, ಪಕ್ಕದವನ ಜೊತೆ ಕೂತು ನೋಡುವ ದಾರಿ ಮುಚ್ಚಿದ್ದು ಇನ್ನೊಂದು ಕಡೆ, ಎರಡೂ ಒಟ್ಟಿಗೇ ಆಯ್ತು.

ರೇಟಿನ ಲೆಕ್ಕ ಹೇಳ್ತೇನೆ. 2019 ಫೆಬ್ರವರಿಯಿಂದ ಟಿವಿ, ಫೋನಿನ ನಿಯಮ ಮಾಡುವ ಸರಕಾರಿ ಸಂಸ್ಥೆ ಟ್ರಾಯ್‌ನ ಹೊಸ ಪದ್ಧತಿ ಬಂತು ಅಲ್ವಾ, ನಿಮಗೆ ನೆನಪಿರ್ಬಹುದು, ಆ ತಿಂಗಳು ನಿಮ್ಮ ಮನೆಮನೆಗೆ ಬಂದು ಚಾನಲ್ ಲಿಸ್ಟ್ ಟಿಕ್ ಮಾಡಿಸಿದ್ದೆ. ನೂರು ಚಾನಲಿಗೆ 130 ರೂಪಾಯಿ ಲೈನ್ ಚಾರ್ಜ್, ಅದಕ್ಕೆ ನೂರಕ್ಕೆ 18 ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಅದ್ರ ಮೇಲೆ ದುಡ್ಡಿನ ಚಾನಲ್ ಬೇರೆ. ಮುಖ್ಯ ಸ್ಪೋರ್ಟ್ಸ್ ಚಾನಲಿಗೆಲ್ಲ ಆಗ 19 ರೂಪಾಯಿ ಇಟ್ರು, ಯಾಕೆ 19 ಅಂದ್ರೆ ಪ್ಯಾಕಿನೊಳಗೆ ಸೇರಿಸ್ಬೇಕಾದ್ರೆ ಒಂದು ಚಾನಲಿಗೆ ಅದಕ್ಕಿಂತ ಮೇಲೆ ಇಡ್ಲಿಕ್ಕೆ ಇರ್ಲಿಲ್ಲ, ಹಾಗಾಗಿ ಸೀದಾ ಆ ಮಿತಿಗೇ ತಾಗಿಸಿದ್ರು. 2020ರಲ್ಲಿ ಟ್ರಾಯ್ ಅದನ್ನು 12ಕ್ಕೆ ಇಳಿಸ್ಲಿಕ್ಕೆ ಹೊರಟಿತು, ಚಾನಲಿನವ್ರು ಕೋರ್ಟಿಗೆ ಹೋದ್ರು, ಎಳ್ದು ಎಳ್ದು 2022 ನವೆಂಬರಿನಲ್ಲಿ ಪುನಃ 19ಕ್ಕೇ ಬಂತು. 2024 ಜುಲೈಯಲ್ಲಿ ಲೈನ್ ಚಾರ್ಜಿಗೆ ಇದ್ದ ಮೇಲ್ಮಿತಿಯನ್ನೂ ತೆಗ್ದ್ರು.

ನಮ್ಮ ಕಾಸರಗೋಡಿನವ್ರಿಗೆ ಇದ್ರಲ್ಲಿ ಬೇರೆ ಊರಿನವ್ರಿಗೆ ಇಲ್ಲದ ಒಂದು ಭಾರ ಉಂಟು. ಕಂಪನಿಗಳ ಪ್ಯಾಕ್ ಎಲ್ಲ ರಾಜ್ಯ ನೋಡಿ, ಭಾಷೆ ನೋಡಿ ಮಾಡಿದ್ದು. ಕೇರಳದ ಪ್ಯಾಕಿನಲ್ಲಿ ಮಲಯಾಳ ತುಂಬಿರ್ತದೆ, ನಮಗೆ ಕನ್ನಡ ಬೇಕು, ಪಂಚಾಯತಿನ ಸುದ್ದಿಗೆ, ಪಿಂಚಣಿ ಸುದ್ದಿಗೆ, ಮಳೆಗೆ ಶಾಲೆಗೆ ರಜೆ ಉಂಟಾ ಅಂತ ನೋಡ್ಲಿಕ್ಕೆ ಮಲಯಾಳವೂ ಬೇಕು. ಎರಡೂ ಬೇಕಾದ ಮನೆಗೆ ಎರಡು ಕಡೆಯ ದುಡ್ಡು. ಮಂಗಳೂರಿನವ ಒಂದೇ ಭಾಷೆಯ ಪ್ಯಾಕ್ ತಗೊಂಡು ಉಳಿಸಿದ ದುಡ್ಡಲ್ಲಿ ಸ್ಪೋರ್ಟ್ಸ್ ಹಾಕಿಸ್ತಾನೆ, ನಮ್ಮವ ಅದನ್ನೇ ಮೊದಲು ತೆಗೆಸ್ತಾನೆ. ಕನ್ನಡದಲ್ಲಿ ಕಾಮೆಂಟ್ರಿ ಬರುವ ಚಾನಲ್ ಅಂತ ಒಂದು ಬಂತು, ಕಾಸರಗೋಡಿನ ಅಜ್ಜಂದಿರಿಗೆ ಅದು ಎಷ್ಟು ಸಂತೋಷ ಆಯ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ, ಅದೂ ಕೂಡ ಈ ಲೆಕ್ಕದಲ್ಲಿ ಹೊರಗೆ ಹೋಗುದು ನೋಡುವಾಗ ಹೊಟ್ಟೆ ಉರೀತದೆ.

ಇನ್ನು ಫೋನ್. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗ ಆಯ್ತು, ನಿಜ, ಅದ್ರಿಂದ ಜನರಿಗೆ ಉಪಕಾರವೇ ಆಯ್ತು. ಆದ್ರೆ 2024 ಜುಲೈಯಲ್ಲಿ ಖಾಸಗಿ ಕಂಪನಿಗಳೆಲ್ಲ ಒಟ್ಟಿಗೆ ರೇಟ್ ಏರಿಸಿದ್ರು, ಜಿಯೋದಲ್ಲಿ 28 ದಿನಕ್ಕೆ ದಿನಾ ಒಂದೂವರೆ ಜಿಬಿಯ 239ರ ಪ್ಲಾನ್ 299 ಆಯ್ತು. ಸಂಜೆ ಏಳೂವರೆಗೆ ಶುರುವಾಗುವ ಟಿ20 ಮುಗಿಯುವಾಗ ರಾತ್ರಿ ಹನ್ನೊಂದು ದಾಟ್ತದೆ, ಹಗಲಿಡೀ ವಾಟ್ಸಾಪ್ ರೀಲ್ಸ್ ಅಂತ ಖರ್ಚಾಗಿ ಉಳಿದ ಡೇಟಾದಲ್ಲಿ ಚಂದಕ್ಕೆ ನೋಡ್ತೇನೆ ಅಂದ್ರೆ ಕೊನೆಯ ಓವರಿನ ತನಕ ತಲುಪುದಿಲ್ಲ. ಮೇಲೆ ಆ್ಯಪಿನ ದುಡ್ಡು. ಕೇಬಲಿಗೆ ಒಂದು, ರೀಚಾರ್ಜಿಗೆ ಒಂದು, ಆ್ಯಪಿಗೆ ಒಂದು, ಅದೂ ಒಂದೇ ಆ್ಯಪ್ ಆದ್ರೆ ಸಾಕು ಅಂತ ಇಲ್ಲ. 2025ರ ಐಪಿಎಲ್ ಒಂದ್ರಲ್ಲಿ, ಅದೇ ವರ್ಷ ಸೆಪ್ಟೆಂಬರಿನ ಏಷ್ಯಾ ಕಪ್ ಸೋನಿಯಲ್ಲಿ. ಫುಟ್ಬಾಲ್ ಹುಚ್ಚಿನವ್ರ ಕಥೆ ಅದಕ್ಕಿಂತ ಕಷ್ಟ, ಇಂಗ್ಲೆಂಡಿನ ಲೀಗ್ ಒಬ್ರಲ್ಲಿ, ಚಾಂಪಿಯನ್ಸ್ ಲೀಗ್ ಇನ್ನೊಬ್ರಲ್ಲಿ, ಸ್ಪೇನಿನದ್ದು ಮತ್ತೊಬ್ರಲ್ಲಿ. ತೃಕರಿಪುರದ ಹುಡುಗರನ್ನು ಕೇಳಿ, ಅವ್ರು ಈ ಪಟ್ಟಿಯನ್ನು ಮಗ್ಗಿಯ ಹಾಗೆ ಹೇಳ್ತಾರೆ.

"149 ರೂಪಾಯಿ ಮೂರು ತಿಂಗಳಿಗೆ, ಅದೊಂದು ದುಡ್ಡಾ" ಅಂತ ಕೆಲವ್ರು ಕೇಳ್ತಾರೆ. ಬ್ಯಾಂಕಿನಲ್ಲಿ ಕೆಲ್ಸ ಇದ್ದವನಿಗೆ ಅಲ್ಲ. ನಮ್ಮಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ಕ್ಕೆ 369 ರೂಪಾಯಿ ಇತ್ತು, ಅದೂ ವರ್ಷಕ್ಕೆ ನೂರು ದಿನ, ಕೆಲ್ಸ ಮಾಡಿದ ಎಷ್ಟೋ ಸಮಯದ ಮೇಲೆ ಖಾತೆಗೆ ಬರ್ತಿತ್ತು. ಆ ಮನೆಯಲ್ಲಿ ಲೈನ್, ರೀಚಾರ್ಜ್, ಆ್ಯಪ್ ಮೂರನ್ನೂ ಕೂಡಿಸಿ ನೋಡಿ, ಒಂದೂವರೆ ದಿನದ ಕೂಲಿ ಹತ್ರ ಹತ್ರ ಹೋಯ್ತು. ಒಂದೊಂದೇ ನೋಡಿದ್ರೆ ಸಣ್ಣದು, ಕೂಡಿದ್ರೆ ಸಣ್ಣದಲ್ಲ.

ಇಷ್ಟು ದುಡ್ಡು ಯಾಕೆ ಕೇಳ್ತಾರೆ? ಅವ್ರೂ ಕೊಟ್ಟಿದ್ದಾರೆ, ಅದಕ್ಕೆ. ಐಪಿಎಲ್ ತೋರಿಸುವ ಹಕ್ಕು 2018ರಿಂದ 2022ರ ತನಕ ಐದು ವರ್ಷಕ್ಕೆ 16,347 ಕೋಟಿ ಚಿಲ್ಲರೆಗೆ ಹೋಯ್ತು. 2023ರಿಂದ 2027ಕ್ಕೆ 48,390 ಕೋಟಿ. ಮೂರು ಪಾಲಿನ ಹತ್ರ ಆಯ್ತು. ಟಿವಿಯದ್ದು ಸ್ಟಾರಿಗೆ 23,575 ಕೋಟಿ, ಮೊಬೈಲಿನದ್ದು ವಯಾಕಾಮ್18ಗೆ ಮುಖ್ಯ ಪಾಲು 20,500 ಕೋಟಿ. ಒಂದು ಮ್ಯಾಚ್ ಟಿವಿಯಲ್ಲಿ ತೋರಿಸ್ಲಿಕ್ಕೆ ಮಾತ್ರ 57 ಕೋಟಿ 50 ಲಕ್ಷ! ಇಷ್ಟು ದುಡ್ಡು ಹಾಕಿದವ ಜಾಹೀರಾತಿನಿಂದ ತೆಗೀಬೇಕು, ಸಾಲದಿದ್ರೆ ನೋಡುವವನಿಂದ ತೆಗೀಬೇಕು, ಬೇರೆ ಎಲ್ಲಿಂದಲೂ ಬರುದಿಲ್ಲ.

ಹಾಗಾದ್ರೆ 2023ರಲ್ಲಿ 2024ರಲ್ಲಿ ಫ್ರೀ ಕೊಟ್ರಲ್ಲ, ಅದು ಹೇಗೆ? ಆಗ ಎರಡು ಕಂಪನಿ ಇತ್ತು. ವಯಾಕಾಮ್18ರ ಆ್ಯಪ್ ಜಿಯೋಸಿನಿಮಾ ಐಪಿಎಲ್ ಫ್ರೀ ಕೊಟ್ಟಿತು, ಹನ್ನೆರಡು ಭಾಷೆಯಲ್ಲಿ ಕೊಟ್ಟಿತು, ಕನ್ನಡವೂ ಇತ್ತು ಮಲಯಾಳವೂ ಇತ್ತು. ಅದನ್ನು ನೋಡಿ ಎದುರಿನ ಸ್ಟಾರಿನ ಹಾಟ್‌ಸ್ಟಾರ್ 2023ರ ವರ್ಲ್ಡ್ ಕಪ್ ಮೊಬೈಲಿನಲ್ಲಿ ಫ್ರೀ ಮಾಡಿತು, ನವೆಂಬರ್ 19ರ ಫೈನಲ್ ದಿನ ಒಂದೇ ಹೊತ್ತಿಗೆ 5 ಕೋಟಿ 90 ಲಕ್ಷ ಜನ ಆ ಆ್ಯಪಿನಲ್ಲಿ ಇದ್ರು. ದುಡ್ಡಿನ ಗೋಡೆ ತೆಗ್ದ್ರೆ ಎಷ್ಟು ಜನ ಹೊರಗೆ ನಿಂತಿದ್ರು ಅಂತ ಆವತ್ತು ಗೊತ್ತಾಯ್ತು. ಆಮೇಲೆ 2024 ನವೆಂಬರಿನಲ್ಲಿ ಎರಡೂ ಒಂದಾಯ್ತು, 2025 ಫೆಬ್ರವರಿ 14ಕ್ಕೆ ಎರಡು ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಆಯ್ತು, ಮುಂದಿನ ತಿಂಗಳ ಐಪಿಎಲಿಗೆ ಸ್ವಲ್ಪ ನಿಮಿಷ ಫ್ರೀ, ಆಮೇಲೆ ಪ್ಲಾನ್ ತಗೊಳ್ಳಿ ಅಂತ ಆಯ್ತು. ಈ ಎರಡು ಕಂಪನಿ ಸೇರುವಾಗ ಕಂಪನಿಗಳ ಪೈಪೋಟಿ ಸರಿಯಾಗಿ ಉಂಟಾ ಅಂತ ನೋಡುವ ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕು, 2024 ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು, ಕ್ರಿಕೆಟಿನ ಬಗ್ಗೆ ಕಂಪನಿಗಳು ಕೊಟ್ಟ ಮಾತು ಎಂತದು ಗೊತ್ತುಂಟಾ? ಜಾಹೀರಾತಿನ ರೇಟನ್ನು ಸಿಕ್ಕಾಪಟ್ಟೆ ಏರಿಸುದಿಲ್ಲ, ಟಿವಿ ಜಾಹೀರಾತು ಮೊಬೈಲ್ ಜಾಹೀರಾತು ಒಟ್ಟಿಗೆ ಕಟ್ಟಿ ಮಾರುದಿಲ್ಲ ಅಂತ. ಜಾಹೀರಾತು ಕೊಡುವ ದೊಡ್ಡ ಕಂಪನಿಯ ಪರವಾಗಿ ಮಾತಾಡ್ಲಿಕ್ಕೆ ಅಲ್ಲಿ ಜನ ಇತ್ತು. ಬೀಡಿ ಕಟ್ಟುವ ಅಕ್ಕನ ಪುಳ್ಳಿ ಪರವಾಗಿ ಯಾರು ಮಾತಾಡಿದ್ದು?

2025 ಜೂನ್ 3 ನಿಮಗೆಲ್ಲ ನೆನಪುಂಟು. ಹದಿನೆಂಟು ವರ್ಷ ಕಾದು ಆರ್‌ಸಿಬಿ ಗೆದ್ದ ದಿನ. ಗಡಿಯಲ್ಲಿ ಇರುವ ಕನ್ನಡದವ್ರಿಗೆ ಆ ಟೀಮಿನ ಮೇಲೆ ಎಷ್ಟು ಪ್ರೀತಿ ಅಂತ ನಾನು ಹೇಳ್ಬೇಕಾಗಿಲ್ಲ, ಬೆಂಗಳೂರು ನೋಡದವ್ರೂ "ಈ ಸಲ ಕಪ್ ನಮ್ದೇ" ಅಂತ ಸ್ಟೇಟಸ್ ಹಾಕ್ತಿದ್ರು. ಆವತ್ತು ರಾತ್ರಿ ಒಂದು ಕಡೆ ಲೈನ್ ಸರಿ ಮಾಡಿ ಬರುವಾಗ ಅಡಿಕೆ ಸುಲಿಯುವಲ್ಲಿಗೆ ಹೋದೆ. ಗೋಣಿಗೆ ಒರಗಿಸಿ ಒಂದು ಫೋನ್ ಇಟ್ಟಿದ್ರು, ಸುತ್ತ ಜನ, ಕೈಯಲ್ಲಿ ಅಡಿಕೆ. ಸ್ಕ್ರೀನಿನಲ್ಲಿ ಮ್ಯಾಚ್ ಇಲ್ಲ. ಫ್ರೀ ಇದ್ದ ನಿಮಿಷ ಮುಗ್ದು ಪ್ಲಾನಿನ ರೇಟ್ ಬಂದು ನಿಂತಿದೆ. ಒಬ್ಬ ಉಪ್ಪಳದಲ್ಲಿ ಇರುವ ಅವನ ಬಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದಾನೆ, ಬಾವ ಅಲ್ಲಿ ಟಿವಿ ನೋಡಿ ಹೇಳುದು, ಇವ್ರು ಇಲ್ಲಿ ಕೇಳುದು. ಕೊನೆಯ ಓವರಿನಲ್ಲಿ ಶಶಾಂಕ್ ಸಿಂಗ್ ಹೊಡೀತಾ ಇದ್ದಾನೆ, ಬಾವ "ಸಿಕ್ಸ್... ಪುನಃ ಸಿಕ್ಸ್..." ಅಂತ ಹೇಳುವಾಗ ಇಲ್ಲಿ ಕತ್ತಿ ಎಲ್ಲ ನಿಂತಿದೆ, ಯಾರೂ ಸುಲೀತಾ ಇಲ್ಲ. ಆರು ರನ್ನಿನಲ್ಲಿ ಗೆದ್ದದ್ದು ಗೊತ್ತಾದ ಕೂಡ್ಲೇ ಅಷ್ಟೂ ಜನ ಎದ್ದು ಕೂಗಿದ್ರು. ನನಗೆ ಸಂತೋಷವೂ ಆಯ್ತು ಸಿಟ್ಟೂ ಬಂತು. ಅಷ್ಟೂ ವರ್ಷ ಸೋತಾಗ ಜೊತೆಗಿದ್ದವ್ರು ಇವ್ರು, ಗೆದ್ದ ದಿನ ಕಣ್ಣಲ್ಲಿ ನೋಡ್ಲಿಕ್ಕೆ ಸಿಗ್ಲಿಲ್ಲ.

ಈಗ ಕಾನೂನಿನ ವಿಷಯಕ್ಕೆ ಬರ್ತೇನೆ, ಸ್ವಲ್ಪ ಉದ್ದ ಆಗ್ತದೆ, ತಾಳ್ಮೆ ಇರ್ಲಿ, ಯಾಕಂದ್ರೆ ನಮ್ಮ ಹಕ್ಕು ಇರುದು ಇಲ್ಲಿಯೇ.

1993ರಲ್ಲಿ ಹೀರೋ ಕಪ್ ಆಯ್ತು, ಈಡನ್ ಗಾರ್ಡನಿನ ಸೆಮಿಫೈನಲಿನಲ್ಲಿ ಸಚಿನ್ ಕೊನೆಯ ಓವರ್ ಹಾಕಿ ದಕ್ಷಿಣ ಆಫ್ರಿಕವನ್ನು ಸೋಲಿಸಿದ್ದು, ಅದೇ. ಆ ಟೂರ್ನಮೆಂಟಿನ ಟಿವಿ ಹಕ್ಕನ್ನು ವಿದೇಶಿ ಕಂಪನಿಗೆ ಕೊಟ್ಟದ್ದಕ್ಕೆ ದೂರದರ್ಶನಕ್ಕೂ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಜಗಳ ಆಗಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1995 ಫೆಬ್ರವರಿಯಲ್ಲಿ ತೀರ್ಪು ಬಂತು: ಗಾಳಿಯಲ್ಲಿ ಹೋಗುವ ತರಂಗ ಸಾರ್ವಜನಿಕ ಸೊತ್ತು, ಸರಕಾರ ಒಂದೇ ಅದನ್ನು ಹಿಡಿದಿಟ್ಕೊಳ್ಳುವ ಹಾಗಿಲ್ಲ, ಜನರ ಹಿತಕ್ಕೆ ಬಳಸ್ಬೇಕು ಅಂತ. ಸರಕಾರ ಒಂದೇ ಹಿಡಿದಿಟ್ಕೊಳ್ಳುವ ಹಾಗಿಲ್ಲ ಅನ್ನುವ ಭಾಗ ಎಲ್ಲರಿಗೂ ನೆನಪು ಉಳೀತು, ಖಾಸಗಿ ಚಾನಲ್ ಎಲ್ಲ ಬಂತು, ಒಳ್ಳೇದೇ. ಜನರ ಸೊತ್ತು, ಜನರ ಹಿತ ಅನ್ನುವ ಭಾಗ ಮಾತ್ರ ಹಿಂದೆ ಬಿತ್ತು.

ಆಮೇಲೆ 2007 ಜನವರಿ. ವೆಸ್ಟ್ ಇಂಡೀಸ್ ಟೀಮು ಇಲ್ಲಿಗೆ ಬಂದಿತ್ತು, ಹಕ್ಕು ತಗೊಂಡ ನಿಂಬಸ್ ಕಂಪನಿ ದೂರದರ್ಶನಕ್ಕೆ ಲೈವ್ ಕೊಡ್ಲಿಕ್ಕೆ ಒಪ್ಪಲಿಲ್ಲ, ಕೋರ್ಟಿಗೆ ಹೋಗಿ ಕೊನೆಗೆ ಏಳು ನಿಮಿಷ ತಡವಾಗಿ ತೋರಿಸುವ ಹಾಗೆ ಆಯ್ತು. ಅದ್ರ ಬಿಸಿಯಲ್ಲೇ ಸರಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿತು. ದೇಶಕ್ಕೆ ಮುಖ್ಯ ಅಂತ ಸರಕಾರ ಪಟ್ಟಿ ಮಾಡಿದ ಆಟಗಳ ಲೈವ್ ಸಿಗ್ನಲನ್ನು, ಹಕ್ಕು ಇದ್ದವ ಜಾಹೀರಾತು ಇಲ್ಲದೆ, ದೂರದರ್ಶನ ಆಕಾಶವಾಣಿ ನಡೆಸುವ ಪ್ರಸಾರ ಭಾರತಿಗೆ ಕೊಡ್ಲೇಬೇಕು. ಪಟ್ಟಿಯಲ್ಲಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್, ಭಾರತ ಪುರುಷರ ಟೀಮಿನ ಒಂದು ದಿನದ ಮತ್ತು ಟಿ20 ಮ್ಯಾಚುಗಳು, ಫುಟ್ಬಾಲ್ ವರ್ಲ್ಡ್ ಕಪ್ಪಿನ ಮೊದಲ ಮ್ಯಾಚ್, ಕ್ವಾರ್ಟರ್, ಸೆಮಿ, ಫೈನಲ್, ಹೀಗೆ ಉಂಟು. ಪುಕ್ಕಟೆ ಕಿತ್ತುಕೊಳ್ಳುದಲ್ಲ, ದೂರದರ್ಶನದಲ್ಲಿ ಬರುವ ಜಾಹೀರಾತಿನ ದುಡ್ಡಿನಲ್ಲಿ ನೂರಕ್ಕೆ 75ಕ್ಕೆ ಕಮ್ಮಿ ಇಲ್ಲದ ಹಾಗೆ ಹಕ್ಕು ಇದ್ದವನಿಗೇ ಹೋಗ್ತದೆ. ರೇಡಿಯೋ ಆದ್ರೆ ಅರ್ಧ ಅರ್ಧ. ನ್ಯಾಯವಾದ ಕಾನೂನು.

ಆದ್ರೆ ಅದ್ರಲ್ಲಿ ಬರೆದದ್ದು ಪ್ರಸಾರ ಭಾರತಿಯ ನೆಲದ ಟ್ರಾನ್ಸ್‌ಮಿಟರಿನಲ್ಲಿ ಮತ್ತು ಅದ್ರ ಡಿಶ್ ಸೇವೆ ಡಿಟಿಎಚ್‌ನಲ್ಲಿ ತೋರಿಸ್ಲಿಕ್ಕೆ ಅಂತ. ಕೇಬಲಿನವ್ರು, ಖಾಸಗಿ ಡಿಶ್ಶಿನವ್ರು ದೂರದರ್ಶನದ ಚಾನಲ್ ಕಡ್ಡಾಯ ಕೊಡ್ಬೇಕಲ್ವಾ, ಹಾಗಾಗಿ ಕೇಬಲಿನಲ್ಲೂ ಮ್ಯಾಚ್ ಕಾಣ್ತಿತ್ತು. ದುಡ್ಡಿನ ಚಾನಲಿನವ್ರಿಗೆ ಅದ್ರಿಂದ ನಷ್ಟ ಅಂತ ಕೇಸಾಯ್ತು, 2017 ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟ್ ಹೇಳಿತು, ಈ ಸಿಗ್ನಲ್ ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ, ಕೇಬಲಿನಲ್ಲಿ ಹಂಚುವ ಹಾಗಿಲ್ಲ. ಅದಕ್ಕೇ ದೊಡ್ಡ ಮ್ಯಾಚಿನ ದಿನ ನನ್ನ ಫೋನ್ ರಿಂಗಾಗುದು ನಿಲ್ಲುದಿಲ್ಲ. "ಡಿಡಿ ಸ್ಪೋರ್ಟ್ಸಿನಲ್ಲಿ ಮ್ಯಾಚ್ ಉಂಟಂತೆ, ನಮ್ಮಲ್ಲಿ ಬೇರೆ ಎಂತದೋ ಬರ್ತಾ ಉಂಟು, ನೀವು ಕಟ್ ಮಾಡಿದ್ದಾ?" ನಾನು ಕಟ್ ಮಾಡಿದ್ದಲ್ಲ ಅಣ್ಣಾ ಅಂತ ಎಷ್ಟು ಹೇಳಿದ್ರೂ ಜನ ನಂಬುದಿಲ್ಲ. ಒಂದೇ ಚಾನಲ್, ಒಂದೇ ಹೆಸರು, ದೂರದರ್ಶನದ ಫ್ರೀ ಡಿಶ್ ಇದ್ದವನ ಮನೆಯಲ್ಲಿ ಮ್ಯಾಚ್ ಓಡ್ತದೆ, ತಿಂಗಳು ತಿಂಗಳು ನನಗೆ ದುಡ್ಡು ಕಟ್ಟುವವನ ಮನೆಯಲ್ಲಿ ಓಡುದಿಲ್ಲ.

ಕೋರ್ಟ್ ಇದ್ದ ಕಾನೂನಿನ ಅಕ್ಷರ ನೋಡಿ ಹೇಳಿತು, ಅದನ್ನು ನಾನು ದೂರುದಿಲ್ಲ. ಬದಲಾಯಿಸ್ಬೇಕಾದ್ದು ಅಕ್ಷರವನ್ನು. ನೆಲದ ಟ್ರಾನ್ಸ್‌ಮಿಟರ್ ಹೆಚ್ಚುಕಮ್ಮಿ ಎಲ್ಲ ಕಡೆ ಬಂದಾಗಿದೆ, ಉಳಿದದ್ದು ಫ್ರೀ ಡಿಶ್ ಒಂದೇ. 2004ರಲ್ಲಿ ಶುರುವಾದ ಫ್ರೀ ಡಿಶ್ ಈಗ ದೇಶದಲ್ಲಿ 4 ಕೋಟಿಗೂ ಮೀರಿದ ಮನೆಯಲ್ಲಿ ಉಂಟು, ಹೆಚ್ಚಿನದ್ದು ಉತ್ತರ ಭಾರತದಲ್ಲಿ. ನಮ್ಮಲ್ಲಿ ಎಲ್ಲರೂ ಕೇಬಲು, ಫೋನು. ಪ್ರಸಾರ ಭಾರತಿಯೇ 2024 ನವೆಂಬರಿನಲ್ಲಿ ವೇವ್ಸ್ ಅಂತ ಸ್ವಂತ ಆ್ಯಪ್ ಮಾಡಿದೆ, ದೂರದರ್ಶನದ ಚಾನಲ್ ಅದ್ರಲ್ಲಿ ಫೋನಿನಲ್ಲೇ ಕಾಣ್ತದೆ, ಆದ್ರೆ 2007ರ ಕಾಯ್ದೆಯಲ್ಲಿ ಫೋನಿನ ಮಾತೇ ಇಲ್ಲ. ಪಟ್ಟಿಯಲ್ಲಿ ಇರುವ ಮ್ಯಾಚನ್ನಾದ್ರೂ ಕೇಬಲಿನ ಡಿಡಿಯಲ್ಲಿ, ಸರಕಾರಿ ಆ್ಯಪಿನಲ್ಲಿ ತೋರಿಸ್ಲಿ. ಎಚ್‌ಡಿ ಬೇಡ, ಸಾದಾ ಪಿಕ್ಚರ್ ಸಾಕು. ಚಂದಕ್ಕೆ ಬೇಕಾದವ ದುಡ್ಡು ಕೊಟ್ಟು ನೋಡ್ಲಿ, ಕಂಪನಿಗೂ ನಷ್ಟ ಇಲ್ಲ, ಬಡವನಿಗೂ ಕಾಣ್ತದೆ. ಇದು ನನ್ನ ಅಭಿಪ್ರಾಯ, ನಿಮಗೆ ಸರಿ ಅಂತ ಕಂಡ್ರೆ ನಮ್ಮ ಎಂಪಿಗೆ ಅರ್ಜಿ ಬರೆಯುವಾ, ವಾಚನಾಲಯದ ಲೆಟರ್‌ಹೆಡ್ಡಿನಲ್ಲೇ.

ಪಟ್ಟಿಯೂ ದೊಡ್ಡದಾಗ್ಬೇಕು. ನಮ್ಮ ತಳಂಗರೆಯ ಮೊಹಮ್ಮದ್ ಅಝರುದ್ದೀನ್, ಕೇರಳ ಟೀಮಿನವ, 2021 ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ಮೇಲೆ 54 ಬಾಲಿನಲ್ಲಿ 137 ಹೊಡೆದು ಔಟಾಗದೆ ನಿಂತ ಹುಡುಗ. ಅದೇ ಹುಡುಗ 2025 ಫೆಬ್ರವರಿಯಲ್ಲಿ ರಣಜಿ ಸೆಮಿಫೈನಲಿನಲ್ಲಿ ಅಹ್ಮದಾಬಾದಿನಲ್ಲಿ 177, ಪುನಃ ನಾಟೌಟ್. ಕೇರಳ 457, ಗುಜರಾತ್ 455, ಮೊದಲ ಇನ್ನಿಂಗ್ಸಿನ ಎರಡೇ ರನ್ನಿನ ಲೀಡಿನಲ್ಲಿ ಕೇರಳ ಮೊದಲ ಸಲ ಫೈನಲಿಗೆ ಹೋಯ್ತು, ಗುಜರಾತಿನ ಕೊನೆಯ ವಿಕೆಟ್ ಬಿದ್ದದ್ದೋ, ಹತ್ರ ನಿಂತ ಸಲ್ಮಾನ್ ನಿಜಾರನ ಹೆಲ್ಮೆಟಿಗೆ ಬಾಲ್ ತಾಗಿ ಮೇಲೆ ಹಾರಿ ಸ್ಲಿಪ್ಪಿನವನ ಕೈಗೆ ಹೋಗಿ! ಕಾಸರಗೋಡಿನ ಮಕ್ಕಳು ನೋಡ್ಬೇಕಾದ ಮ್ಯಾಚ್ ಅದಲ್ಲದೆ ಬೇರೆ ಯಾವುದು? ರಣಜಿ ಆ ಪಟ್ಟಿಯಲ್ಲಿ ಇಲ್ಲ. ನಮ್ಮೂರಿನವ ಆಡುದನ್ನು ನಮ್ಮೂರಿನ ಹುಡುಗ ಮರುದಿನ ಪೇಪರಿನಲ್ಲಿ ಓದುದು.

ಕೆಲವು ಹಿರಿಯರು ಹೇಳ್ತಾರೆ, ಅಕ್ಕಿಗೆ ರೇಟ್ ಜಾಸ್ತಿ ಆಗಿದೆ, ತೆಂಗಿನೆಣ್ಣೆಗೆ ಜಾಸ್ತಿ ಆಗಿದೆ, ಆಟ ನೋಡುದಕ್ಕೆ ಎಂತ ಹೋರಾಟ ಅಂತ. ಅವ್ರ ಮಾತನ್ನು ನಾನು ಹಗುರ ಮಾಡುದಿಲ್ಲ. ಆದ್ರೆ ದಿನಾ ಎದ್ದು ಬೆವರು ಸುರಿಸಿ ದುಡಿಯುವವನಿಗೆ ಸಂಜೆ ಎರಡು ಗಂಟೆ ಖುಷಿ ಪಡ್ಲಿಕ್ಕೆ ಹಕ್ಕಿಲ್ವಾ? ಆಡುವ ಹುಡುಗರು ಸರಕಾರಿ ಶಾಲೆಯ ಮೈದಾನದಲ್ಲಿ, ಕೊಯ್ಲಾದ ಗದ್ದೆಯಲ್ಲಿ ಆಡಿ ಬೆಳ್ದವ್ರು, ಜೆರ್ಸಿಯಲ್ಲಿ ದೇಶದ ಹೆಸರು. ಹತ್ತು ಪೈಸೆ ಲಾಭ ಇಲ್ಲದೆ ಚಪ್ಪಾಳೆ ಹೊಡೆದದ್ದು ಇದೇ ಜನ, ಆ ಚಪ್ಪಾಳೆ ಇದ್ದದ್ದಕ್ಕೇ ಅಲ್ವಾ ಐಪಿಎಲಿಗೆ 48 ಸಾವಿರ ಕೋಟಿ ಬಂದದ್ದು?

ಜನರಿಂದ ದೂರ ಆದ್ರೆ ಆಟಕ್ಕೂ ಒಳ್ಳೇದಾಗುದಿಲ್ಲ. ಇಂಗ್ಲೆಂಡಿನಲ್ಲಿ 2005ರ ಆ್ಯಶಸ್ ಫ್ರೀ ಚಾನಲಿನಲ್ಲಿ ಬಂತು, ದೇಶಕ್ಕೆ ದೇಶವೇ ನೋಡಿತು, ಆದ್ರೆ ಅಷ್ಟರಲ್ಲಿ ಮುಂದಿನ ಹಕ್ಕನ್ನು ಪೂರ್ತಿ ದುಡ್ಡಿನ ಚಾನಲಿಗೆ ಮಾರಿ ಆಗಿತ್ತು, ಮುಂದೆ ಎಷ್ಟೋ ವರ್ಷ ಅಲ್ಲಿಯ ಸಾಮಾನ್ಯ ಮನೆಯ ಮಕ್ಕಳಿಗೆ ಲೈವ್ ಕ್ರಿಕೆಟ್ ಕಾಣ್ಲೇ ಇಲ್ಲ. 2019ರಲ್ಲಿ ಇಂಗ್ಲೆಂಡ್ ವರ್ಲ್ಡ್ ಕಪ್ ಫೈನಲಿಗೆ ಬಂದಾಗ ಆ ದುಡ್ಡಿನ ಚಾನಲೇ ಫ್ರೀ ಚಾನಲಿಗೂ ಮ್ಯಾಚ್ ಬಿಟ್ಟುಕೊಟ್ಟಿತು. ಆವತ್ತು ಒಂದು ದಿನ ಬಿಟ್ಟುಕೊಡ್ಲಿಕ್ಕೆ ಆಗ್ತದೆ ಅಂತಾದ್ರೆ ಆಗುವ ಕೆಲ್ಸವೇ ಅಲ್ವಾ ಇದು.

ಇನ್ನೊಂದು ವಿಷಯ ಇಲ್ಲಿ ಬಂದ ಹುಡುಗರಿಗೆ ಹೇಳ್ಬೇಕು. ಟೆಲಿಗ್ರಾಮಿನಲ್ಲಿ ಲಿಂಕ್ ಬರ್ತದೆ, ಕಳ್ಳ ಆ್ಯಪ್ ಉಂಟು, ಫ್ರೀ ಕಾಣ್ತದೆ. ನಿಮ್ಮನ್ನು ಬೈಲಿಕ್ಕೆ ಬಂದವ ನಾನಲ್ಲ, ದುಡ್ಡಿಲ್ಲದ್ದಕ್ಕೆ ಹೋಗಿದ್ದೀರಿ. ಆದ್ರೆ ಅದ್ರಲ್ಲಿ ಮ್ಯಾಚಿನ ನಾಲ್ಕು ಕಡೆ ಬರುದು ಬೆಟ್ಟಿಂಗಿನ ಜಾಹೀರಾತು. ಎಲ್ಲೋ ಮುಟ್ಟಿದ್ರೆ ಎಂತದೋ ಡೌನ್‌ಲೋಡ್ ಆಗ್ತದೆ, ಅದೇ ಫೋನಿನಲ್ಲಿ ಅಮ್ಮನ ಗೂಗಲ್ ಪೇ ಇರ್ತದೆ. 149 ಉಳಿಸ್ಲಿಕ್ಕೆ ಹೋಗಿ ಸಾವಿರಗಟ್ಟಲೆ ಕಳಕೊಂಡ ಮನೆ ಈ ಸುತ್ತಿನಲ್ಲೇ ಉಂಟು, ಹೆಸರು ಬೇಡ. ಆನ್‌ಲೈನ್ ದುಡ್ಡಿನ ಆಟಕ್ಕೆ 2025 ಆಗಸ್ಟಿನಲ್ಲಿ ಕೇಂದ್ರವೇ ಕಾಯ್ದೆ ತಂದು ನಿಷೇಧ ಮಾಡಿದೆ, ಆದ್ರೂ ಆ ಲಿಂಕುಗಳಲ್ಲಿ ಅದು ನಿಂತಿಲ್ಲ. ದಯವಿಟ್ಟು ಆ ದಾರಿ ಬೇಡ.

ನನ್ನ ಸಲಹೆ ಇಷ್ಟೇ, ಈ ವಾಚನಾಲಯದಲ್ಲಿ ಒಂದು ಟಿವಿ ಉಂಟು, ಧೂಳು ಹಿಡಿದು ಕೂತಿದೆ. ಅದಕ್ಕೆ ಫ್ರೀ ಡಿಶ್ ಹಾಕುವಾ. ಭಾರತದ ಒಂದು ದಿನದ ಮ್ಯಾಚ್, ಟಿ20, ಒಲಿಂಪಿಕ್ಸ್, ಏಷ್ಯನ್ ಗೇಮ್ಸಿನ ಕಬಡ್ಡಿ, ಎಲ್ಲ ಕಾಣ್ತದೆ, ತಿಂಗಳ ದುಡ್ಡು ಇಲ್ಲ. ಕೇರಳದಲ್ಲಿ ಗ್ರಂಥಶಾಲಾ ಸಂಘ 1945ರಿಂದ ಊರೂರಿಗೆ ವಾಚನಾಲಯ ಮಾಡಿದ್ದು ಎಂತಕ್ಕೆ? ಪೇಪರ್ ತರಿಸ್ಲಿಕ್ಕೆ ಆಗದವ ಬಂದು ಓದ್ಲಿಕ್ಕೆ. ಮ್ಯಾಚಿಗೂ ಅದೇ ನ್ಯಾಯ. ಇಷ್ಟೇ ನನ್ನ ಮಾತು, ಪ್ರಶ್ನೆ ಇದ್ರೆ ಕೇಳಿ.

ಮೊದಲು ಒಬ್ಬ ಹುಡುಗ ಕೇಳಿದ, ಫ್ರೀ ಡಿಶ್ಶಿನಲ್ಲಿ ಐಪಿಎಲ್ ಬರ್ತದಾ ಅಂತ. ಆ ಕಾಯ್ದೆಯ ಲೆಕ್ಕದಲ್ಲಿ ಬರುದಿಲ್ಲ ಮಗಾ, ಪಟ್ಟಿಯಲ್ಲಿ ಇರುದು ದೇಶದ ಟೀಮಿನ ಮ್ಯಾಚ್, ಐಪಿಎಲ್ ಇಲ್ಲ. ಅದಕ್ಕೆ ಸದ್ಯಕ್ಕೆ ನಾಲ್ಕು ಮನೆ ಸೇರಿ ಒಂದು ಟಿವಿ ಪ್ಲಾನ್ ತಗೊಂಡು ಒಟ್ಟಿಗೆ ಕೂತು ನೋಡುದೇ ದಾರಿ, ನಾಲ್ಕು ಫೋನಿಗೆ ನಾಲ್ಕು ಪ್ಲಾನ್ ಬೇಡ.

ಒಬ್ರು ಟೀಚರ್ ಕೇಳಿದ್ರು, ಇಂಟರ್ನೆಟ್ಟಿನ ಖರ್ಚು ಕಮ್ಮಿ ಮಾಡ್ಲಿಕ್ಕೆ ಆಗ್ತದಾ ಅಂತ. ಕೇರಳ ಸರಕಾರದ ಕೆ-ಫೋನ್ 2023 ಜೂನಿನಲ್ಲಿ ಶುರುವಾಗಿದೆ, ತಿಂಗಳಿಗೆ 299ರಿಂದ ಪ್ಲಾನ್ ಇಟ್ಟಿದ್ರು, ಜಿಎಸ್‌ಟಿ ಬೇರೆ, ಬಡತನ ರೇಖೆಯ ಕೆಳಗಿನ ಮನೆಗಳಿಗೆ ಫ್ರೀ ಕೊಡುವ ಯೋಜನೆಯೂ ಅದ್ರಲ್ಲೇ ಉಂಟು. ಒಂದು ಮನೆಗೆ ಒಂದು ಲೈನ್ ಬಂದ್ರೆ ಎಲ್ಲರ ಫೋನಿಗೂ ದೊಡ್ಡ ಡೇಟಾ ಪ್ಲಾನ್ ಬೇಡ. ಪಂಚಾಯತಿನಲ್ಲಿ ಕೇಳಿ, ನಮ್ಮ ವಾರ್ಡಿನ ಪಟ್ಟಿಯಲ್ಲಿ ಯಾರ ಹೆಸರು ಉಂಟು ಅಂತ.

ಇನ್ನೊಬ್ರು, ವಾಚನಾಲಯದಲ್ಲಿ ಎಲ್ಲರಿಗೂ ತೋರಿಸಿದ್ರೆ ಕೇಸ್ ಆಗುದಿಲ್ವಾ ಅಂತ ಕೇಳಿದ್ರು. ಒಳ್ಳೆ ಪ್ರಶ್ನೆ. ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನಿನಲ್ಲಿ ತಪ್ಪು ಅಂತ ಇರುದು ದುಡ್ಡು ತಗೊಂಡು ಜನರಿಗೆ ಪ್ರಸಾರ ತೋರಿಸಿದ್ರೆ. ಟಿಕೆಟ್ ಇಡ್ಬೇಡಿ, ಕೂಪನ್ ಇಡ್ಬೇಡಿ, ಬಾಗಿಲಲ್ಲಿ ಡಬ್ಬಿಯೂ ಬೇಡ. ಮನೆಗೆ ತಗೊಂಡ ಆ್ಯಪ್ ಪ್ಲಾನನ್ನು, ಮನೆಯ ಕೇಬಲನ್ನು ಇಲ್ಲಿ ದೊಡ್ಡ ಪರದೆಗೆ ಹಾಕುದೂ ಬೇಡ, ಅವ್ರ ಕರಾರಿನಲ್ಲಿ ಮನೆ ಬಳಕೆಗೆ ಮಾತ್ರ ಅಂತ ಇರ್ತದೆ. ಫ್ರೀ ಡಿಶ್ ಆದ್ರೆ ತಲೆಬಿಸಿ ಇಲ್ಲ.

ಕೊನೆಗೆ ಹಿಂದೆ ಕೂತಿದ್ದ ಒಬ್ರು ಅಕ್ಕ ಕೇಳಿದ್ರು, ಒಟ್ಟು ಎಷ್ಟು ಖರ್ಚಾಗ್ತದೆ, ಯಾರು ಹಾಕಿ ಕೊಡುದು ಅಂತ. ಡಿಶ್, ಅದ್ರ ಎದುರು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್, ವಯರ್ ಎಲ್ಲ ಸೇರಿ ಒಂದೂವರೆ ಎರಡು ಸಾವಿರದೊಳಗೆ ಆಗ್ತದೆ, ಒಂದೇ ಸಲ. ಬಾಕ್ಸ್ ತಗೊಳ್ಳುವಾಗ ಹೊಸ ತರದ್ದು, ಎಂಪೆಗ್-4 ಅಂತ ಕೇಳಿ ತಗೊಳ್ಬೇಕು. ಉಪಗ್ರಹ ನಮಗೆ ಆಗ್ನೇಯ ದಿಕ್ಕಿಗೆ, ಸಾಕಷ್ಟು ಮೇಲೆ ಬರ್ತದೆ, ಮಧ್ಯೆ ತೆಂಗಿನ ಗರಿ ಅಡ್ಡ ಬಂದ್ರೂ ಸಿಗ್ನಲ್ ಇಲ್ಲ, ಆಟಿಯ ಜೋರು ಮಳೆಗೆ ಸ್ವಲ್ಪ ಹೊತ್ತು ಹೋಗ್ತದೆ, ಮಳೆ ನಿಂತ ಮೇಲೆ ಬರ್ತದೆ. ಇಲ್ಲಿ ಹಿಂದಿನ ಬದಿ ಮರ ಇರುದ್ರಿಂದ ಮುಂದಿನ ಮಾಡಿನ ಎಡ ಮೂಲೆಗೆ ಇಡ್ಬೇಕು. ಹಾಕುವ ಕೂಲಿ ಬೇಡ, ನಾನು ಹಾಕಿ ಕೊಡ್ತೇನೆ. ಸಾಮಾನಿನ ದುಡ್ಡು ಕಮಿಟಿಯವ್ರು ಒಟ್ಟು ಮಾಡ್ಲಿ. ಆದಿತ್ಯವಾರ ಬೆಳಿಗ್ಗೆ ಏಣಿ ತರ್ತೇನೆ, ಹಿಡಿಲಿಕ್ಕೆ ಇಬ್ರು ಬನ್ನಿ.